ಹಾಲು ಮುಟ್ಟದ ಜಾಕೆಟ್ಟು ದಂಡ

ನಾನು ಮಾಡಿಕೊಟ್ಟ, ಹಾಲು ತಣ್ಣಗೆ ಮಾಡೋ ಸಾವಿರ ಲೀಟರಿನ ಟ್ಯಾಂಕು ಮೂರು ತಿಂಗಳಿಂದ ತಕರಾರಿಲ್ಲದೆ ಓಡ್ತಿದೆ, ಅದಕ್ಕೇ ಈಗ ಬರೀತಿದ್ದೀನಿ. ಮೊದಲೇ ಬರೆದಿದ್ದರೆ ಪೀಣ್ಯದ ನಮ್ಮ ಲೈನಿನವರೆಲ್ಲ ನಗ್ತಿದ್ದರು. ಬರೆಯದೆಯೂ ನಕ್ಕರು ಅನ್ನಿ.

ಕೆಲಸ ಬಂದದ್ದು ಮಾಲೂರು ಕಡೆಯ ಒಂದು ಡೇರಿ ಫಾರಂನಿಂದ. ಬೆಳಗ್ಗೆ ಐನೂರು ಲೀಟರ್, ಸಂಜೆ ಐನೂರು. ಅಲ್ಲಿ ತ್ರೀ ಫೇಸ್ ನಂಬೋ ಹಾಗಿದ್ದದ್ದು ರಾತ್ರಿ ಮಾತ್ರ. ಹಾಗಾಗಿ ರಾತ್ರಿ ಐಸ್ ಬ್ಯಾಂಕ್‌ನಲ್ಲಿ, ಅಂದರೆ ಐಸ್ ಕಟ್ಟಿ ಇಟ್ಟುಕೊಳ್ಳೋ ನೀರಿನ ತೊಟ್ಟಿಯಲ್ಲಿ, ನಾನೂರು ಚಿಲ್ಲರೆ ಕೆಜಿ ಐಸ್ ಕಟ್ಟಿಸಿ, ಹಗಲು ಸಿಂಗಲ್ ಫೇಸ್ ಪಂಪಿನಲ್ಲಿ ಅದರ ತಣ್ಣೀರು ಟ್ಯಾಂಕಿನ ಸುತ್ತ ತಿರುಗಿಸೋದು ಅಂತ ಲೆಕ್ಕ.

ಮೊದಲ ಸಲ ಟ್ಯಾಂಕಿನ ಔಟ್‌ಲೆಟ್, ಕಾಲು ಅಡ್ಡ ಬರುತ್ತೆ ಅಂತ ಕೆಳಗೆ ಒಂದಡಿ ಖಾಲಿ ಬಿಟ್ಟು ಮೇಲೆಲ್ಲ ಡಿಂಪಲ್ ಜಾಕೆಟ್ ಸುತ್ತಿದೆ. ಒಳಗಿನ ಶೀಟಿಗೆ ಹೊರಗೆ ತೆಳು ಶೀಟು ಅಲ್ಲಲ್ಲಿ ಸ್ಪಾಟ್ ವೆಲ್ಡ್ ಮಾಡಿ, ಮಧ್ಯೆ ತಣ್ಣೀರು ಓಡಿಸೋ ಹೊದಿಕೆ ಅದು. ಹತ್ತಿರ ಹತ್ತಿರ ಎರಡೂವರೆ ಚದರ ಮೀಟರ್. ಕಾಗದದ ಮೇಲೆ ಸಾಕಾಗಿ ಮಿಗುತ್ತಿತ್ತು. ಬೆಳಗ್ಗಿನ ಹಾಲು ಸುರಿದಾಗ ನೋಡಿದರೆ, ಹಾಲಿಗೆ ಸಿಕ್ಕಿದ್ದು ಜಾಕೆಟ್ಟಿನ ಕೆಳಗಿನ ಒಂದು ಗೇಣು ಮಾತ್ರ! ಉಳಿದದ್ದು ಬರೀ ಗಾಳಿ ತಣ್ಣಗೆ ಮಾಡ್ತಾ ಇತ್ತು. 35ರಿಂದ 4 ಡಿಗ್ರಿಗೆ ಇಳಿಯೋಕೆ ಆರೂವರೆ ಗಂಟೆ. ಮೂರನೇ ದಿನ ಹಾಲು ಎಂಬಿಆರ್‌ಟಿಯಲ್ಲಿ (ಹಾಲಲ್ಲಿ ಬ್ಯಾಕ್ಟೀರಿಯಾ ಎಷ್ಟು ಅಂತ ನೀಲಿ ಬಣ್ಣ ಹಾಕಿ ನೋಡೋ ಟೆಸ್ಟ್) ಫೇಲಾಗಿ ವಾಪಸ್ ಬಂತು. ಹದಿನೈದು ಸಾವಿರದ ಹತ್ತಿರ ನಾನೇ ಕಟ್ಟಿಕೊಟ್ಟೆ.

ಕಂಪ್ರೆಸರ್ ಮಾರುವವರು ದೊಡ್ಡ ಕಂಪ್ರೆಸರ್ ಹಾಕಿ ಅಂದರು. ಕಂಪ್ರೆಸರ್ ಇರೋದು ಐಸ್ ಕಟ್ಟೋಕೆ. ಕಟ್ಟಿದ ಐಸೇ ಕರಗದೇ ಹಾಗೇ ಕೂತಿತ್ತು ಸ್ವಾಮಿ, ಕಂಪ್ರೆಸರ್ ಏನು ಮಾಡುತ್ತೆ?

ಹಾಲು ತಿರುವೋ ಆ್ಯಜಿಟೇಟರ್ ಜೋರು ಮಾಡಿ ನೋಡೋಣ ಅಂತ ಮೋಟಾರಿಗೆ ವೇಗ ಬದಲಿಸೋ ಡ್ರೈವ್ ಹಾಕಿ ತೊಂಬತ್ತು ಆರ್‌ಪಿಎಂಗೆ ಏರಿಸಿದೆ. ಅರ್ಧ ಗಂಟೆ ಬೇಗ ತಣ್ಣಗಾಯಿತು, ಜೊತೆಗೆ ಬ್ಲೇಡಿಗೆ ಬೆಣ್ಣೆ ಮೆತ್ತಿಕೊಂಡಿತ್ತು. ಫಾರಂ ಅಜ್ಜಿ ಬೆರಳಲ್ಲಿ ತೆಗೆದು ನೆಕ್ಕಿ, "ಚೆನ್ನಾಗಿದೆ ಕಣಪ್ಪ, ಮಜ್ಜಿಗೆ ಯಾವಾಗ?" ಅಂದರು. ವಾಪಸ್ ಮೂವತ್ತಕ್ಕೆ ಇಳಿಸಿದೆ.

ಎರಡನೇ ಟ್ಯಾಂಕಿನಲ್ಲಿ ಜಾಕೆಟ್ ತಳ ಪೂರ್ತಿ, ಗೋಡೆಗೆ ಬರೀ ಒಂದಡಿ. ಒಟ್ಟು ಎರಡು ಚದರ ಮೀಟರ್, ಅಂದರೆ ಮೊದಲಿಗಿಂತ ಕಡಿಮೆ. ಆದರೆ ಒಳಗೆ ಹಾಕಿದ್ದು 2 ಎಂಎಂ ಶೀಟು. ನೀರು ಒತ್ತಿ ತುಂಬಿಸೋ ಹೈಡ್ರೋ ಟೆಸ್ಟ್‌ನಲ್ಲಿ ಹೊರಗೆ ಉಬ್ಬಬೇಕಾದ್ದು ಒಳಕ್ಕೆ ಉಬ್ಬಿ ತಳ ಇಡ್ಲಿ ತಟ್ಟೆ ತಿರುವಿ ಹಾಕಿದ ಹಾಗಾಯಿತು. ಇಪ್ಪತ್ತು ಸಾವಿರದ ಮಾಲು ಸ್ಕ್ರ್ಯಾಪಿಗೆ. ಆಮೇಲೆ ಒಳಗೆ 3, ಹೊರಗೆ 1.2 ಎಂಎಂ ಹಾಕಿದೆ. ಸ್ಪಾಟ್ ಎಷ್ಟೆಷ್ಟು ದೂರಕ್ಕೆ ಕೊಟ್ಟೆ, ನೀರಿನ ಬಾಯಿ ಎಲ್ಲಿ ಇಟ್ಟೆ ಅನ್ನೋದು ನನ್ನ ಹತ್ತಿರಾನೇ ಇರಲಿ, ಅದಕ್ಕೆ ತುಂಬಾ ದುಡ್ಡು ಸುರಿದಿದ್ದೀನಿ.

ಈಗ ಬೆಳಗ್ಗಿನ ಹಾಲು ಎರಡೂವರೆ ಗಂಟೆಗೆ 4ಕ್ಕೆ ಬರುತ್ತೆ. ಸಂಜೆಯದು ಬೆಳಗ್ಗಿನ ತಣ್ಣನೆ ಹಾಲಿಗೆ ಸೇರಿದ ಮೇಲೆ ಮೂರು ಗಂಟೆ ದಾಟುತ್ತೆ. ಒಂದು ಮಾತು: ಗಂಟೆಗೆ ಸರಾಸರಿ ಎಷ್ಟು ಶಾಖ ತೆಗೀಬೇಕು ಅನ್ನೋದನ್ನ ಹಿಡಿದು ಜಾಕೆಟ್ ಸೈಜ್ ಮಾಡಬೇಡಿ. ಹಾಲು ತಣ್ಣೀರಿನ ಹತ್ತಿರಕ್ಕೆ ಬಂದಷ್ಟೂ ನಿಧಾನ ಆಗುತ್ತೆ. 35ರಿಂದ 10ಕ್ಕೆ ಎಷ್ಟು ಹೊತ್ತೋ, 10ರಿಂದ 4ಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ತಿನ್ನುತ್ತೆ. ಜಾಕೆಟ್ಟಿಗೆ ಹೋಗೋ ನೀರು ಒಂದೂವರೆ ಬದಲು 3 ಡಿಗ್ರಿ ಇದ್ದರೆ ಒಟ್ಟು ಟೈಮು ಕಾಲು ಭಾಗಕ್ಕೂ ಮೇಲೆ ಏರುತ್ತೆ. ಪೈಪಿಗೆ ಇನ್ಸುಲೇಷನ್ ಇಲ್ಲದೆ ಒಂದು ವಾರ ಓಡಿಸಿ ಇದನ್ನ ಕಲಿತೆ.

ನಕ್ಕವರಲ್ಲಿ ಒಬ್ಬರು ಹೋದ ವಾರ ಟೇಪ್ ಹಿಡಿದು ಬಂದಿದ್ದರು. ಟೀ ಕುಡಿಸಿ, ಜಾಕೆಟ್ ಕಾಣದ ಹಾಗೆ ಪಫ್ (ಇನ್ಸುಲೇಷನ್ ಫೋಮ್) ಹೊಡೆದು ಮುಚ್ಚಿದ ಟ್ಯಾಂಕು ತೋರಿಸಿ ಕಳಿಸಿದೆ.