ಹಾರುವ ಮುಂಚೆ ಟ್ಯಾಂಕ್ ನೋಡುವುದು ಹೇಗೆ

ಸಣ್ಣ ವಿಮಾನದ ಹತ್ತಿರ ಹೋದರೆ ನಾನು ಮೊದಲು ನೋಡುವುದು ಪೆಟ್ರೋಲ್. ಟೈರು, ಆಯಿಲ್ ಎಲ್ಲ ಆಮೇಲೆ. ಗೇಜಿನ ಮುಳ್ಳನ್ನು ನಾನು ನಂಬುವುದಿಲ್ಲ. ರೆಕ್ಕೆಯಲ್ಲಿರುವ ಟ್ಯಾಂಕಿನ ಮುಚ್ಚಳ ತೆಗೆದು, ಅಳತೆ ಕಡ್ಡಿ ಇಳಿಸಿ ನೋಡಿ. ರೆಕ್ಕೆ ಎತ್ತರದಲ್ಲಿದ್ದರೆ ಏಣಿ ಹಾಕಿಕೊಳ್ಳಿ, ಸೋಮಾರಿತನ ಬೇಡ.

ಆಮೇಲೆ ನೀರಿನ ಪರೀಕ್ಷೆ. ಅರ್ಧ ಖಾಲಿ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ಗಾಳಿಯ ತೇವ ನೀರಾಗುತ್ತದೆ. ಮುಚ್ಚಳದ ರಬ್ಬರ್ ಹಳೆಯದಾದರೆ ಮಳೆನೀರೂ ಇಳಿಯುತ್ತದೆ. ನೀರು ಪೆಟ್ರೋಲಿಗಿಂತ ಭಾರ, ತಳದಲ್ಲಿ ಕೂರುತ್ತದೆ. ಹಾಗಾಗಿ ಟ್ಯಾಂಕಿನ ತಳದ ಡ್ರೈನ್‌ನಿಂದ ಪಾರದರ್ಶಕ ಲೋಟಕ್ಕೆ ಸ್ವಲ್ಪ ಇಳಿಸಿ. ನೀರಿದ್ದರೆ ಕೆಳಗೆ ಬೇರೆಯಾಗಿ ನಿಲ್ಲುತ್ತದೆ. ಇಲ್ಲೊಂದು ಮೋಸ ಇದೆ. ಲೋಟದ ತುಂಬ ನೀರೇ ಬಂದಿದ್ದರೆ ನಡುವೆ ಗೆರೆಯೇ ಕಾಣುವುದಿಲ್ಲ, ಎಲ್ಲ ಸರಿಯಿದೆ ಅನಿಸುತ್ತದೆ. ಅದಕ್ಕೇ ಬಿಳಿ ಕಾಗದದ ಎದುರು ಹಿಡಿದು ಬಣ್ಣ ನೋಡಿ. 100ಎಲ್‌ಎಲ್ ಎಂಬ ವಿಮಾನದ ಪೆಟ್ರೋಲ್ ಆದರೆ ತಿಳಿ ನೀಲಿ ಇರಬೇಕು. ಮೂಸಿಯೂ ನೋಡಿ. ನೀರು ಕಂಡರೆ ಪೂರ್ತಿ ಹೋಗುವವರೆಗೂ ತೆಗೆಯಿರಿ. ಮತ್ತೆ ಮತ್ತೆ ಬರುತ್ತಿದ್ದರೆ ಅವತ್ತು ಹಾರಬೇಡಿ, ಮೆಕ್ಯಾನಿಕ್‌ನ ಕರೆಯಿರಿ.

ಪೆಟ್ರೋಲ್ ಹಾಕಿಸಿದ ತಕ್ಷಣ ಪರೀಕ್ಷೆ ಮಾಡಬೇಡಿ. ನೀರು ಕೆಳಗಿಳಿಯಲು ಸಮಯ ಬೇಕಲ್ವಾ? ಆ ಹೊತ್ತಿಗೆ ನಾನು ಹವಾಮಾನ ವರದಿ ಓದುತ್ತೇನೆ.

ಹಗಲಿನ ಹಾರಾಟಕ್ಕೆ ಅರ್ಧ ಗಂಟೆ ಹಾರುವಷ್ಟು ಮೀಸಲು ಪೆಟ್ರೋಲ್ ಸಾಕು ಎನ್ನುವ ನಿಯಮ ಹಲವು ದೇಶಗಳಲ್ಲಿದೆ. ನಾನು ಒಂದು ಗಂಟೆಯದ್ದು ಇಟ್ಟುಕೊಳ್ಳುತ್ತೇನೆ. ತೂಕ ಜಾಸ್ತಿಯಾದರೆ ಬ್ಯಾಗ್ ಇಳಿಸಿ. ಜೊತೆಗಾರರು ಮುನಿಸಿಕೊಂಡರೂ ಪರವಾಗಿಲ್ಲ.

ಕೊನೆಗೆ ಮುಚ್ಚಳವನ್ನು ನೀವೇ ತಿರುಗಿಸಿ ನೋಡಿ. ಸಡಿಲವಿದ್ದರೆ, ಹಾರುವಾಗ ರೆಕ್ಕೆಯ ಮೇಲಿನ ಕಡಿಮೆ ಒತ್ತಡ ಪೆಟ್ರೋಲನ್ನು ಹೊರಗೆ ಎಳೆದುಬಿಡುತ್ತದೆ.