ಸಂಪಾಜೆ ಘಾಟಿ ಹತ್ತಿದ ಎರಡು ಫಿಲ್ಟರ್‌ಗಳು

ಕೊಡಗಿನ ಸುಂಟಿಕೊಪ್ಪದ ಹತ್ತಿರ ನನ್ನದೊಂದು ಸಣ್ಣ ಗ್ಯಾರೇಜಿದೆ. ವರ್ಷಕ್ಕೆ ನಾಲ್ಕೈದು ಮಂದಿಯಾದರೂ ಮೊಬೈಲಿನಲ್ಲಿ ಎರಡು ಚಿತ್ರ ತೋರಿಸಿಕೊಂಡು ಬರುತ್ತಾರೆ. ಹೆಚ್ಚಿನವರು ಕಾಲೇಜು ಮುಗಿಸಿ ಅಪ್ಪನ ಹಳೆಯ ಕಾರಿಗೆ ಕೈಹಾಕಿದ ಹುಡುಗರು. ಎರಡೂ ಚಿತ್ರಗಳಲ್ಲಿ ಬಾಗಿದ ಪೈಪು, ಅದರ ತುದಿಗೆ ಕೆಂಪು ಕೋನ್ ಫಿಲ್ಟರ್. ಒಂದಕ್ಕೆ ಮೂರು ಸಾವಿರ, ಇನ್ನೊಂದಕ್ಕೆ ಇಪ್ಪತ್ತೈದು ಸಾವಿರ. “ಅಣ್ಣ, ಎರಡೂ ಕೋಲ್ಡ್ ಏರ್ ಇನ್‌ಟೇಕ್ ತಾನೇ? ದುಬಾರಿಯದ್ದರಲ್ಲಿ ಹೆಚ್ಚೇನಿದೆ?” ಎಂದು ಕೇಳುತ್ತಾರೆ. ಕಾರಿನ ಏರ್ ಫಿಲ್ಟರ್ ಡಬ್ಬಿಯನ್ನು ತೆಗೆದು, ಎಂಜಿನ್ನಿಗೆ ತಣ್ಣನೆಯ ಗಾಳಿ ಕೊಡಲೆಂದು ಆ ಜಾಗದಲ್ಲಿ ಹಾಕುವ ಪೈಪು-ಫಿಲ್ಟರಿನ ಕಿಟ್ ಇದು. ಬಹಳ ಕಾಲ ನಾನು ಅವರಿವರಿಂದ ಕೇಳಿದ್ದನ್ನೇ ಉತ್ತರವಾಗಿ ಹೇಳುತ್ತಿದ್ದೆ. ಕಳೆದ ವರ್ಷ ಅಕ್ಕನ ಮಗ, ಗೋಣಿಕೊಪ್ಪ ಕಡೆಯ ಗದ್ದೆಗಳಲ್ಲಿ ನಡೆಯುವ ಆಟೋಕ್ರಾಸ್ ಎಂಬ ಕಾರು ಓಟದ ಸ್ಪರ್ಧೆಗೆ ಕಾರು ಸಿದ್ಧಮಾಡುತ್ತಿದ್ದವನು, ಅದೇ ಪ್ರಶ್ನೆ ಕೇಳಿದ. ಅವನಿಗೆ ಅಂದಾಜಿನ ಮಾತು ಹೇಳಲು ಮನಸ್ಸಾಗಲಿಲ್ಲ. ಎರಡನ್ನೂ ನನ್ನ ಕಾರಿಗೇ ಹಾಕಿ ನೋಡಿದೆ.

ನನ್ನದು 1.6 ಲೀಟರ್ ಪೆಟ್ರೋಲ್ ಎಂಜಿನ್ನಿನ ಹಳೆಯ ಸೆಡಾನ್, ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲ. ಏರ್ ಫಿಲ್ಟರ್ ಡಬ್ಬಿಯ ಬಾಯಲ್ಲೇ ಒಳಹೋಗುವ ಗಾಳಿಯನ್ನು ಅಳೆಯುವ ಎಂಎಎಫ್ ಸೆನ್ಸರ್ ಕೂತಿದೆ. ಗಾಳಿಯ ಬಿಸಿಯನ್ನು ತಿಳಿಸುವುದೂ ಅದೇ. ಹಾಗಾಗಿ ಕಾರಿನ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಜೋಡಿಸಿದರೆ ಬೇಕಾದ ಅಂಕಿಗಳೆಲ್ಲ ಫೋನಿನಲ್ಲೇ ಸಿಗುತ್ತವೆ. ಹೆಸರಿಲ್ಲದ ಕಿಟ್ ಅಂತರ್ಜಾಲದಲ್ಲಿ 3,200 ರೂಪಾಯಿಗೆ ಬಂತು. ಬ್ರ್ಯಾಂಡ್ ಕಿಟ್ ಹೊಸದನ್ನು ಕೊಳ್ಳುವ ಶಕ್ತಿ ನನಗಿರಲಿಲ್ಲ. ಬೆಂಗಳೂರಿನ ಗೆಳೆಯರೊಬ್ಬರು ಕಾರು ಮಾರುವ ಮುನ್ನ ಬಿಚ್ಚಿಟ್ಟಿದ್ದನ್ನು 14,000 ರೂಪಾಯಿಗೆ ಕೊಟ್ಟರು. ಎಣ್ಣೆ ಸವರಿದ ಹತ್ತಿಬಟ್ಟೆಯ ಪದರಗಳ ಫಿಲ್ಟರ್ ಅದರದು. 1969ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಕೆ ಆ್ಯಂಡ್ ಎನ್ ಕಂಪನಿ ಹೆಸರು ಮಾಡಿದ್ದು ಈ ಬಗೆಯ ಫಿಲ್ಟರ್‌ಗಳಿಂದಲೇ.

ತಣ್ಣನೆಯ ಗಾಳಿ ದಟ್ಟವಾಗಿರುತ್ತದೆ. ಹತ್ತು ಡಿಗ್ರಿ ತಣ್ಣಗಾದರೆ ಅದೇ ಜಾಗದಲ್ಲಿ ಸುಮಾರು ಶೇ. 3ರಷ್ಟು ಹೆಚ್ಚು ಗಾಳಿ ಹಿಡಿಸುತ್ತದೆ. ಈ ಕಿಟ್‌ಗಳ ಆಸೆಯೆಲ್ಲ ನಿಂತಿರುವುದು ಇಷ್ಟರ ಮೇಲೆ. ನಮ್ಮ ಜಿಲ್ಲೆಯವರು ಇನ್ನೊಂದು ಲೆಕ್ಕವನ್ನೂ ಮರೆಯಬಾರದು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,170 ಮೀಟರ್ ಎತ್ತರದಲ್ಲಿದೆ. ಮಂಗಳೂರಿಗೆ ಹೋಲಿಸಿದರೆ ಅಲ್ಲಿ ಗಾಳಿಯ ಒತ್ತಡ ಹೆಚ್ಚುಕಡಿಮೆ ಎಂಟನೆಯ ಒಂದು ಪಾಲು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಘಾಟಿ ಹತ್ತಿದ ಮೇಲೆ ಆ ಪಾಲನ್ನು ಕಳೆದುಕೊಂಡೇ ಓಡುತ್ತದೆ. ಯಾವ ಪೈಪು ಹಾಕಿದರೂ ಅದು ಮರಳಿ ಬರುವುದಿಲ್ಲ.

ಹೆಸರಿಲ್ಲದ ಕಿಟ್ ಹಾಕಿದ್ದು ಜನವರಿಯಲ್ಲಿ, ಕಾಫಿ ಕೊಯ್ಲಿನ ನಡುವೆ. ಬಾನೆಟ್ ತೆಗೆದರೆ ಕನ್ನಡಿಯಂತೆ ಹೊಳೆಯುವ ಅಲ್ಯೂಮಿನಿಯಂ ಪೈಪು. ಆಕ್ಸಿಲರೇಟರ್ ಒತ್ತಿದರೆ ಎದೆ ತುಂಬುವ ಗುಡುಗು. ಅಕ್ಕನ ಮಗ ಪಕ್ಕದಲ್ಲಿ ಕೂತು, “ಮಾವ, ಪಿಕಪ್ ಎಷ್ಟು ಬದಲಾಗಿದೆ ನೋಡಿ!” ಎಂದ. ನನಗೂ ಹಾಗೆಯೇ ಅನ್ನಿಸಿತು. ಮೂರನೆಯ ದಿನ ಎಂಜಿನ್ ದೀಪ ಹೊತ್ತಿಕೊಂಡಿತು. ಸ್ಕ್ಯಾನರ್ ತೋರಿಸಿದ ಕೋಡ್ ಪಿ 0171. ಎಂಜಿನ್ನಿಗೆ ಗಾಳಿ ಹೆಚ್ಚಾಗಿ, ಪೆಟ್ರೋಲ್ ಕಡಿಮೆಯಾಗಿದೆ ಎಂದು ಅದರ ಅರ್ಥ. ಕಂಪ್ಯೂಟರ್ ಕೊರತೆ ತುಂಬಲು ಶೇ. 17ರಿಂದ 20ರಷ್ಟು ಹೆಚ್ಚು ಪೆಟ್ರೋಲ್ ಸುರಿದು ತಿದ್ದುಪಡಿ ಮಾಡುತ್ತಿತ್ತು.

ವರ್ನಿಯರ್ ತೆಗೆದುಕೊಂಡು ಅಳೆದೆ. ಕಾರಿನೊಂದಿಗೆ ಬಂದ ಡಬ್ಬಿಯಲ್ಲಿ ಸೆನ್ಸರ್ ಕೂರುವ ಕಡೆ ಒಳವ್ಯಾಸ 70 ಮಿಲಿಮೀಟರ್. ಈ ಪೈಪಿನದು 76. ಆರೇ ಮಿಲಿಮೀಟರ್ ವ್ಯತ್ಯಾಸ, ಆದರೆ ಬಾಯಿಯ ವಿಸ್ತೀರ್ಣ ಶೇ. 18ರಷ್ಟು ಹಿಗ್ಗುತ್ತದೆ. ಅಷ್ಟೇ ಗಾಳಿ ನಿಧಾನವಾಗಿ ಹರಿಯುತ್ತದೆ. ಸೆನ್ಸರಿನ ಬಿಸಿ ತಂತಿ ಗಾಳಿ ಕಡಿಮೆ ಬಂದಿದೆ ಎಂದುಕೊಳ್ಳುತ್ತದೆ, ಕಂಪ್ಯೂಟರ್ ಅದನ್ನು ನಂಬಿ ಪೆಟ್ರೋಲ್ ಕಡಿಮೆ ಬಿಡುತ್ತದೆ. ನಿಧಾನಕ್ಕೆ ಓಡುವಾಗ ಆಮ್ಲಜನಕದ ಸೆನ್ಸರ್ ಈ ತಪ್ಪನ್ನು ತಿದ್ದುತ್ತದೆ. ಏರಿನಲ್ಲಿ ಪೂರ್ತಿ ಒತ್ತಿದಾಗ ಹೆಚ್ಚಿನ ಎಂಜಿನ್‌ಗಳಲ್ಲಿ ಆ ಕ್ಷಣದ ತಿದ್ದುಪಡಿ ನಿಲ್ಲುತ್ತದೆ. ಪೆಟ್ರೋಲ್ ಸಾಲದ ಎಂಜಿನ್ ಅಂಥ ಹೊತ್ತಿನಲ್ಲೇ ಕಾದು ಬಡಿದುಕೊಳ್ಳುವುದು. ಕುಶಾಲನಗರದ ಲೇತ್ ಅಂಗಡಿಯಲ್ಲಿ 70 ಮಿಲಿಮೀಟರ್ ಒಳವ್ಯಾಸದ ಅಲ್ಯೂಮಿನಿಯಂ ಬಳೆಯೊಂದನ್ನು ಕಡೆಸಿ ಕೂರಿಸಿದ ಮೇಲೆ ತಿದ್ದುಪಡಿ ಶೇ. 5ಕ್ಕೆ ಇಳಿಯಿತು. ಬ್ರ್ಯಾಂಡ್ ಕಿಟ್‌ನಲ್ಲಿ ಈ ತಾಪತ್ರಯವೇ ಇರಲಿಲ್ಲ. ನನ್ನ ಕಾರಿನ ಮಾದರಿಗೆಂದೇ ಮಾಡಿದ್ದರಿಂದ ಸೆನ್ಸರಿನ ಜಾಗ ಹಳೆಯ ಅಳತೆಗೇ ಇತ್ತು. ತಿದ್ದುಪಡಿ ಶೇ. 3 ದಾಟಲಿಲ್ಲ. ‘ಎಲ್ಲ ಕಾರಿಗೂ ಹೊಂದುತ್ತದೆ’ ಎಂದು ಬರೆದಿರುವ ಕಿಟ್ ಕೊಳ್ಳುವವರು ಈ ಒಂದು ಅಳತೆಯನ್ನಾದರೂ ಮೊದಲು ಕೇಳಿ ತಿಳಿಯಬೇಕು.

ಬಿಸಿಯ ಪರೀಕ್ಷೆಗೆ ಸಂಪಾಜೆ ಘಾಟಿಯನ್ನು ಆರಿಸಿಕೊಂಡೆ. ಸಂಪಾಜೆಯಲ್ಲಿ ಭಾವನ ಮನೆಯಿದೆ. ಅವರ ಅಂಗಳದಲ್ಲೇ ಬಿಚ್ಚಿ, ಜೋಡಿಸಿ, ಒಂದೇ ದಿನ ಮೂರು ಸಲ ಮಡಿಕೇರಿಗೆ ಹತ್ತಿದೆವು. ಮೊದಲು ಕಾರಿನ ಸ್ವಂತ ಡಬ್ಬಿ, ಆಮೇಲೆ ಬ್ರ್ಯಾಂಡ್ ಕಿಟ್, ಕೊನೆಗೆ ಹೆಸರಿಲ್ಲದ್ದು. ಹೊತ್ತೇರಿದಂತೆ ಹೊರಗಿನ ಬಿಸಿಲೂ ಏರುವುದರಿಂದ, ಹೊರಗಿನ ಗಾಳಿಗಿಂತ ಒಳಹೋಗುವ ಗಾಳಿ ಎಷ್ಟು ಬಿಸಿ ಎಂಬುದನ್ನಷ್ಟೇ ಬರೆದುಕೊಂಡೆ. ಲಾರಿಯ ಹಿಂದೆ ಎರಡನೆಯ ಗೇರಿನಲ್ಲಿ ತೆವಳುವಾಗ ಸ್ವಂತ ಡಬ್ಬಿ 7 ಡಿಗ್ರಿ ಹೆಚ್ಚು ತೋರಿಸಿತು. ಫಿಲ್ಟರಿನ ಸುತ್ತ ಬಿಸಿ ತಡೆಯುವ ಗೋಡೆಯಿದ್ದ ಬ್ರ್ಯಾಂಡ್ ಕಿಟ್ 11. ಎಂಜಿನ್ ಪಕ್ಕದಲ್ಲಿ ಬಯಲಾಗಿ ನೇತಾಡುವ ಹೆಸರಿಲ್ಲದ ಫಿಲ್ಟರ್ 25! ಇಪ್ಪತ್ತೈದು ಡಿಗ್ರಿ ಎಂದರೆ ಸುಮಾರು ಶೇ. 8ರಷ್ಟು ಗಾಳಿ ನಷ್ಟ. ರಸ್ತೆ ತೆರವಾಗಿ ವೇಗ ಸಿಕ್ಕಿದಾಗ ಮೂರೂ ಹತ್ತಿರ ಬಂದವು, ನಿಜ. ಆದರೆ ನಮ್ಮ ಘಾಟಿಯಲ್ಲಿ ವೇಗ ಸಿಗುವುದೆಷ್ಟು ಹೊತ್ತು?

ಸ್ವಂತ ಡಬ್ಬಿ ಗೆದ್ದದ್ದು ಅಕ್ಕನ ಮಗನಿಗೆ ಆಶ್ಚರ್ಯ ತಂದಿತು. ಆ ಡಬ್ಬಿಯ ಮೂಗು ಮೊದಲಿನಿಂದಲೂ ಗ್ರಿಲ್ಲಿನ ಹಿಂದೆ, ಹೊರಗಿನ ಗಾಳಿಗೆ ಚಾಚಿಕೊಂಡಿದೆ. ಈಚಿನ ಬಹುಪಾಲು ಕಾರುಗಳಲ್ಲಿ ಹೀಗೆಯೇ ಇರುತ್ತದೆ. ಇನ್ನೊಂದು ದಿನ ನಸುಕಿನಲ್ಲಿ, ಖಾಲಿ ರಸ್ತೆಯಲ್ಲಿ, ಮೂರನೆಯ ಗೇರಿನಲ್ಲಿ 40ರಿಂದ 80 ಕಿಲೋಮೀಟರ್ ವೇಗಕ್ಕೆ ಏರಲು ತಗಲುವ ಸಮಯವನ್ನು ಒಂದೊಂದಕ್ಕೂ ಐದೈದು ಬಾರಿ ಅಳೆದೆವು. ಒಂದೇ ಫಿಲ್ಟರಿನ ಐದು ಓಟಗಳ ನಡುವೆ ಇದ್ದ ವ್ಯತ್ಯಾಸವೇ ಫಿಲ್ಟರ್‌ಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದಾಗಿತ್ತು. ಪಿಕಪ್ ಬದಲಾಗಿದೆ ಎಂದು ನಮಗಿಬ್ಬರಿಗೂ ಅನ್ನಿಸಿದ್ದು ಸದ್ದಿನಿಂದ.

ನನ್ನನ್ನು ನಿಜವಾಗಿ ಕಾಡಿದ್ದು ಧೂಳು. ಜನವರಿಯಿಂದ ಮಾರ್ಚ್‌ವರೆಗೆ ತೋಟದ ರಸ್ತೆಗಳಲ್ಲಿ ಜೀಪಿನ ಹಿಂದೆ ಹೋದವರಿಗೆ ಆ ಕೆಂಪು ಪುಡಿ ಎಂಥದ್ದೆಂದು ಗೊತ್ತು. ಟಾಲ್ಕಮ್ ಪೌಡರಿನಷ್ಟು ನುಣುಪು. ಹೆಸರಿಲ್ಲದ ಕಿಟ್ ಹಾಕಿದ ಆರು ವಾರಕ್ಕೆ ಅದನ್ನು ಬಿಚ್ಚಿ, ಫಿಲ್ಟರ್ ಕಳೆದು, ಬೆರಳಿಗೆ ಬಿಳಿ ಪಂಚೆಯ ತುಂಡು ಸುತ್ತಿ ಪೈಪಿನ ಒಳಗೋಡೆಯನ್ನು ಒರೆಸಿದೆ. ಬಟ್ಟೆ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಫಿಲ್ಟರ್ ದಾಟಿದ ನಂತರದ ಜಾಗ ಅದು. ಅಲ್ಲಿರುವುದೆಲ್ಲ ನೇರ ಸಿಲಿಂಡರಿಗೆ ಹೋಗಿ ಪಿಸ್ಟನ್ ರಿಂಗ್‌ಗಳನ್ನು ಸವೆಸುತ್ತದೆ. ಫಿಲ್ಟರನ್ನು ಸೂರ್ಯನಿಗೆ ಹಿಡಿದು ನೋಡಿದೆ. ಬಟ್ಟೆಯ ಮಡಿಕೆಗಳು ರಬ್ಬರಿನ ಬುಡಕ್ಕೆ ಅಂಟಬೇಕಾದ ಕಡೆ, ಎರಡು ಮಡಿಕೆಗಳ ನಡುವೆ, ಗೋಂದು ಬಿಟ್ಟುಹೋಗಿ ಅಕ್ಕಿಕಾಳಿನಷ್ಟು ಉದ್ದದ ಬೆಳಕಿನ ಗೀಟು ಕಾಣುತ್ತಿತ್ತು. ಬ್ರ್ಯಾಂಡ್ ಫಿಲ್ಟರನ್ನೂ ಅದೇ ರಸ್ತೆಗಳಲ್ಲಿ ಐದು ವಾರ ಓಡಿಸಿ ಹಾಗೆಯೇ ಒರೆಸಿದೆ. ಬಟ್ಟೆಗೆ ತೆಳುವಾದ ಮಾಸಲು ಹತ್ತಿತ್ತು, ಕೆಂಪಿರಲಿಲ್ಲ. ಸ್ವಂತ ಡಬ್ಬಿಯ ಕಾಗದದ ಫಿಲ್ಟರ್ ಹಾಕಿದಾಗ ಬಟ್ಟೆ ಬಿಳಿಯಾಗಿಯೇ ಉಳಿಯಿತು. ಬ್ರ್ಯಾಂಡಿಗೆ ಕೊಡುವ ಹೆಚ್ಚಿನ ಹಣ ಹೋಗುವುದು ಈ ಅಂಟು, ಈ ಮಡಿಕೆ, ಆ ಸೆನ್ಸರಿನ ಅಳತೆಗೆ ಎಂದು ನನಗೆ ಅಂದು ಖಚಿತವಾಯಿತು. ಎಂಜಿನ್ ಉಳಿಯುವುದು ಇವುಗಳಿಂದಲೇ.

ಎಣ್ಣೆ ಸವರಿದ ಫಿಲ್ಟರಿಗೆ ಅದರದೇ ಆರೈಕೆ ಬೇಕು. ತೊಳೆದು, ಒಣಗಿಸಿ, ಹದವಾಗಿ ಎಣ್ಣೆ ಹಾಕಬೇಕು. ಎಣ್ಣೆ ಹೆಚ್ಚಾದರೆ ಗಾಳಿಯೊಂದಿಗೆ ಹೋಗಿ ಸೆನ್ಸರಿನ ತಂತಿಗೆ ಅಂಟುತ್ತದೆ. ಇಲ್ಲಿಯ ಕಷ್ಟವೆಂದರೆ ಜುಲೈಯಲ್ಲಿ ಏನೂ ಒಣಗುವುದಿಲ್ಲ. ಬಟ್ಟೆ ಒಣಗಿಸುವಂತೆ ಒಲೆಯ ಮೇಲೆ ಕಟ್ಟಿದರೆ ಹತ್ತಿ ಕುಗ್ಗಿ ಫಿಲ್ಟರ್ ಕೆಡುತ್ತದೆ. ಮೇ ತಿಂಗಳ ಬಿಸಿಲಿರುವಾಗಲೇ ತೊಳೆದಿಡುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ.

ಮಳೆಯ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಲೇಬೇಕು. ಕೆಲವು ಕಿಟ್‌ಗಳು ತಣ್ಣನೆಯ ಗಾಳಿ ಸಿಗಲೆಂದು ಫಿಲ್ಟರನ್ನು ಬಂಪರಿನ ಒಳಗೆ, ಚಕ್ರದ ಮುಂದೆ ಇಳಿಸುತ್ತವೆ. ತಂಪಿನ ಲೆಕ್ಕದಲ್ಲಿ ಅದು ಸರಿ. ಆದರೆ ಭಾಗಮಂಡಲ, ನಾಪೋಕ್ಲು ಕಡೆ ಮಳೆಗಾಲದಲ್ಲಿ ರಸ್ತೆಯ ಮೇಲೆ ನೀರು ನಿಲ್ಲುವುದನ್ನು ನೋಡಿದವರು ಆ ಕೆಲಸ ಮಾಡಬಾರದು. ಅಂಥ ಕಿಟ್ ಹಾಕಿದ್ದ ಕಾರೊಂದು ನನ್ನ ಗ್ಯಾರೇಜಿಗೆ ಟೋ ಆಗಿ ಬಂದಿತ್ತು. ಮೊಣಕಾಲು ಮುಟ್ಟದ ನೀರು, ಅಷ್ಟೇ. ಫಿಲ್ಟರ್ ಮುಳುಗಿ ಎಂಜಿನ್ ನೀರು ಕುಡಿದಿತ್ತು. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಆಗುವುದಿಲ್ಲ. ಬಿಚ್ಚಿದಾಗ ಎರಡನೆಯ ಸಿಲಿಂಡರಿನಲ್ಲಿ ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗಿ ಕುಡುಗೋಲಿನಂತಾಗಿತ್ತು. ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಇಲ್ಲದಿದ್ದರೆ ಇಂಥ ಹಾನಿಗೆ ಸಾಮಾನ್ಯವಾಗಿ ಪರಿಹಾರ ಸಿಗುವುದಿಲ್ಲ. ಆ ಹುಡುಗನ ತಂದೆ ಗ್ಯಾರೇಜಿನ ಬೆಂಚಿನ ಮೇಲೆ ಕೂತು ಆ ರಾಡನ್ನು ಕೈಯಲ್ಲಿ ತಿರುಗಿಸುತ್ತಾ ಬಹಳ ಹೊತ್ತು ಮಾತಾಡಲಿಲ್ಲ.

ಕಾನೂನಿನ ಕಡೆಯೂ ಗಮನವಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಬದಲಾವಣೆಯನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ವಾರಂಟಿಯಲ್ಲಿರುವ ಕಾರಿಗೆ ಹಾಕಬೇಡಿ ಎಂದೇ ನಾನು ಹೇಳುತ್ತೇನೆ.

ಈಗ ನನ್ನ ಕಾರಿನಲ್ಲಿ ಸ್ವಂತ ಡಬ್ಬಿಯೇ ಇದೆ. ಬ್ರ್ಯಾಂಡ್ ಕಿಟ್ ನನ್ನ ಕಾರಿನ ಮಾದರಿಯದೇ ಇನ್ನೊಂದನ್ನು ಗದ್ದೆಗೆ ಇಳಿಸುತ್ತಿರುವ ಅಕ್ಕನ ಮಗನ ಪಾಲಾಯಿತು. ಪ್ರತಿ ಸ್ಪರ್ಧೆಯ ನಂತರ ಫಿಲ್ಟರ್ ತೆಗೆದು ನೋಡುವಷ್ಟು ಶ್ರದ್ಧೆ ಅವನಿಗಿದೆ. ಹೆಸರಿಲ್ಲದ ಫಿಲ್ಟರನ್ನು ಯಾರಿಗೂ ಮಾರಲಿಲ್ಲ. ಬೆಳಕಿನ ಗೀಟು ತೋರಿಸಲು ಕಿಟಕಿಯ ಬಳಿ ತೂಗುಹಾಕಿದ್ದೇನೆ. ಚಿತ್ರ ತೋರಿಸಿಕೊಂಡು ಬರುವ ಹುಡುಗರಿಗೆ ಮೊದಲು ಒಂದು ಬಿಳಿ ಬಟ್ಟೆ ಕೊಟ್ಟು, “ತಮ್ಮ, ಈಗಿರುವ ಡಬ್ಬಿಯನ್ನೇ ಒಮ್ಮೆ ಬಿಚ್ಚಿ ಒರೆಸಿ ನೋಡು” ಎನ್ನುತ್ತೇನೆ. ಅರ್ಧದಷ್ಟು ಕಾರುಗಳಲ್ಲಿ ಕಾಗದದ ಫಿಲ್ಟರ್ ಕಾಫಿ ಸಿಪ್ಪೆಯ ಚೂರು, ಒಣಗಿದ ಎಲೆ, ಕೆಂಪು ಮಣ್ಣು ತುಂಬಿ ಉಸಿರು ಕಟ್ಟಿರುತ್ತದೆ. ನಾನೂರೈವತ್ತು ರೂಪಾಯಿಯ ಹೊಸ ಫಿಲ್ಟರ್ ಹಾಕಿಸಿಕೊಂಡು ಹೋದವರಲ್ಲಿ ಕೆಲವರು ಮರುದಿನವೇ ಫೋನ್ ಮಾಡಿ, ಕಾರು ಹಗುರಾಗಿ ಏರುತ್ತಿದೆ ಎಂದು ತಿಳಿಸುತ್ತಾರೆ.