"ಅಜ್ಜಾ, ಪಂಪ್ ಹೇಗೆ ಎಳೀತೀರಿ ತೋರಿಸಿ"

ನಾನು ಶಿರಸಿಯಲ್ಲಿ ನರ್ಸ್. ಜೂನ್‌ನಲ್ಲಿ ಮಳೆ ಹಿಡಿದರೆ ಸಾಕು, ದಮ್ಮಿನವರು ಒಬ್ಬೊಬ್ಬರಾಗಿ ಬರಲು ಶುರು. ಚೀಟಿ ನೋಡುವ ಮೊದಲು ನಾನು ಹೇಳುವುದು ಒಂದೇ: ಪಂಪ್ (ಔಷಧಿ ಎಳೆಯುವ ಇನ್ಹೇಲರ್) ತೆಗೆದು ನನ್ನೆದುರಿಗೆ ಎಳೆದು ತೋರಿಸಿ.

ಹೋದ ಮಳೆಗಾಲದಲ್ಲಿ ಒಬ್ಬ ಅಜ್ಜ ಎಳೆದು ತೋರಿಸಿದರು. ಮೊದಲು ಒತ್ತಿದರು, ಆಮೇಲೆ ಉಸಿರು ಎಳೆದರು. ಔಷಧಿಯೆಲ್ಲ ಬಿಳಿ ಹೊಗೆಯ ಹಾಗೆ ತುಟಿಯ ಸಂದಿಯಿಂದ ಹೊರಗೆ ಬಂತು. ಮೂರು ವರ್ಷದಿಂದ ಹೀಗೇ ಅಂತೆ. ಔಷಧಿ ನಾಟುವುದಿಲ್ಲ ಅಂತ ಬೇಸತ್ತಿದ್ದರು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ಅವರಿಗೆ ಸ್ಪೇಸರ್ ಕೊಡಿಸಿದೆ. ಅದು ಪಂಪ್‌ಗೂ ಬಾಯಿಗೂ ನಡುವೆ ಔಷಧಿ ಹಿಡಿದಿಡುವ ಡಬ್ಬಿ. ಪಂಪ್ ಚೆನ್ನಾಗಿ ಅಲ್ಲಾಡಿಸಿ ಸ್ಪೇಸರ್‌ಗೆ ಸಿಕ್ಕಿಸಿ. ಉಸಿರು ಪೂರ್ತಿ ಹೊರಗೆ ಬಿಡಿ. ತುಟಿ ಬಿಗಿಯಾಗಿ ಮುಚ್ಚಿ ಒಂದೇ ಸಲ ಒತ್ತಿ, ನಿಧಾನಕ್ಕೆ ಎಳೆದು ಹತ್ತು ಎಣಿಸುವ ತನಕ ಹಿಡಿದಿಡಿ. ಹಿಡಿಯಲು ಆಗದಿದ್ದರೆ ಸ್ಪೇಸರ್‌ನಲ್ಲೇ ಐದಾರು ಸಲ ಉಸಿರಾಡಿ. ಎರಡನೇ ಸಲಕ್ಕೆ ಅರ್ಧ ನಿಮಿಷ ಬಿಟ್ಟು ಮತ್ತೆ ಅಲ್ಲಾಡಿಸಿ. ಪುಡಿ ಕ್ಯಾಪ್ಸೂಲ್ ಹಾಕುವ ಸಾಧನ ಇದಕ್ಕೆ ಉಲ್ಟಾ: ಜೋರಾಗಿ, ಒಂದೇ ದಮ್ಮಿಗೆ ಎಳೆಯಬೇಕು.

ಸ್ಪೇಸರ್ ಸೋಪಿನ ನೀರಲ್ಲಿ ತೊಳೆದು ಹಾಗೇ ಒಣಗಲು ಬಿಡಿ. ಬಟ್ಟೆಯಿಂದ ಒರೆಸಿದರೆ ಔಷಧಿ ಡಬ್ಬಿಗೇ ಅಂಟಿಕೊಳ್ಳುತ್ತದೆ. ಮಳೆಗಾಲದಲ್ಲಿ ಒಣಗುವುದು ತಡ, ರಾತ್ರಿಯೇ ತೊಳೆದಿಡಿ. ಒಲೆಯ ಮೇಲಿನ ಹೊಗೆಗೆ ಮಾತ್ರ ಹಿಡಿಯಬೇಡಿ.

"ಅರಾಮಾಯ್ತಲ್ಲ ತಂಗಿ, ಬಿಟ್ಟುಬಿಟ್ಟೆ." ನಾನು ಜಾಸ್ತಿ ಕೇಳುವ ಮಾತಿದು. ದಿನಾ ಎಳೆಯಲು ಕೊಟ್ಟ ಪಂಪ್ ಶ್ವಾಸನಾಳದ ಊತ ಇಳಿಸುತ್ತದೆ. ಅರಾಮಿರುವುದೇ ಅದರಿಂದ. ತಕ್ಷಣ ಉಸಿರು ಬಿಡಿಸುವ ನೀಲಿ ಪಂಪ್ ಊತ ಮುಟ್ಟುವುದಿಲ್ಲ. ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ನೀಲಿ ಬೇಕಾದರೆ, ರಾತ್ರಿ ಕೆಮ್ಮಿ ಎಚ್ಚರವಾದರೆ, ಡಾಕ್ಟರನ್ನು ನೋಡಿ. ಬರೀ ನೀಲಿಯನ್ನೇ ನಂಬುವ ಚಿಕಿತ್ಸೆ ಬೇಡ ಅಂತ ಅಸ್ತಮಾದ ಜಾಗತಿಕ ಮಾರ್ಗಸೂಚಿಯೇ 2019ರಿಂದ ಹೇಳುತ್ತಿದೆ. ದಿನಾ ಎಳೆಯುವ ಪಂಪ್‌ನಲ್ಲಿ ಸ್ಟಿರಾಯ್ಡ್ ಇದೆ ಅಂತ ಹೆದರಬೇಡಿ. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಪದರದಂಥ ಬೂಷ್ಟು ಸೋಂಕು ಬರಬಹುದು.

ಮನೆಯವರಿಗೂ ಕೆಲಸವಿದೆ. ಬಚ್ಚಲ ಒಲೆಗೆ ಹಸಿ ಕಟ್ಟಿಗೆ ತುರುಕಬೇಡಿ. ಅಡಿಕೆ ಬೇಯಿಸುವಾಗ ಹಂಡೆಯ ಹತ್ತಿರ ಬೇರೆಯವರು ನಿಲ್ಲಲಿ. ಬೂಷ್ಟು ಹಿಡಿದ ಕಂಬಳಿಯನ್ನು ದಮ್ಮಿನವರಿಗೆ ಹೊದೆಯಲು ಕೊಡಬೇಡಿ.

ಮಾತು ಪೂರ್ತಿ ಆಡಲಾಗದಷ್ಟು ಏದುಸಿರು ಬಂದರೆ, ಇಲ್ಲವೇ ತುಟಿ ನೀಲಿಯಾದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಮಲಗಿಸಬೇಡಿ, ನೆಟ್ಟಗೆ ಕೂರಿಸಿ. ನೀಲಿ ಪಂಪ್ ಸ್ಪೇಸರ್‌ಗೆ ಒಂದೊಂದೇ ಸಲ ಒತ್ತಿ, ಪ್ರತಿ ಸಲ ನಾಲ್ಕು ಉಸಿರು. ಹೀಗೆ ನಾಲ್ಕು ಸಲ. ನಾಲ್ಕು ನಿಮಿಷಕ್ಕೆ ಇಳಿಯದಿದ್ದರೆ ಮತ್ತೆ ಹಾಗೇ ಮಾಡಿ. ನಮ್ಮ ಒಳಹಳ್ಳಿಗಳಿಗೆ ಗಾಡಿ ಬರುವುದು ತಡ, ಅದಕ್ಕೇ ಫೋನ್ ಮೊದಲು.

ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೊರಟರೂ ನೀಲಿ ಪಂಪ್ ಕಿಸೆಯಲ್ಲೇ ಇರಲಿ, ಡಿಕ್ಕಿಯ ಚೀಲದಲ್ಲಿ ಬೇಡ. ಹೊಸ ಪಂಪ್ ಶುರು ಮಾಡಿದ ತಾರೀಕು ಅದರ ಮೇಲೇ ಬರೆದಿಡಿ. ಅಲ್ಲಾಡಿಸಿ ನೋಡಿದರೆ ಔಷಧಿ ಎಷ್ಟು ಉಳಿದಿದೆ ಅಂತ ತಿಳಿಯುವುದಿಲ್ಲ.